ಬೈಪಾಸ್ ಆದ ಮೇಲೆ ಬಿಪಿ ಇಳಿದರೆ ಇನ್ನೊಂದು ಬಾಟಲಿ? ಸ್ವಲ್ಪ ತಾಳಿ

"ಹಾರ್ಟ್ ಆಪರೇಷನ್ ಆದವರಿಗೆ ಬಿಪಿ ಇಳಿದರೆ ಇನ್ನೊಂದು ಬಾಟಲಿ ಡ್ರಿಪ್ ಹಾಕಿಸಿ, ಡಾಕ್ಟರ್ ಬೇಡ ಅಂದ್ರೂ ಬಿಡಬೇಡಿ" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಬಿಪಿ ಇಳಿಯಲು ಕಾರಣ ಬೇರೆಯೂ ಇರಬಹುದು. ಒಳಗೆ ರಕ್ತ ಸೋರುತ್ತಿರಬಹುದು, ಹೃದಯವೇ ಸುಸ್ತಾಗಿರಬಹುದು, ರಕ್ತನಾಳ ಸಡಿಲವಾಗಿರಬಹುದು, ಇಲ್ಲಾ ಹೃದಯದ ಸುತ್ತ ರಕ್ತ ಕಟ್ಟಿಕೊಂಡು ಅದನ್ನು ಒತ್ತುತ್ತಿರಬಹುದು. ಸುಸ್ತಾದ ಹೃದಯಕ್ಕೆ ಸುಮ್ನೆ ಸಲೈನ್ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೇ ತೊಂದರೆ.

ಐಸಿಯುನಲ್ಲಿ ಮಾಡೋದು ಹೀಗೆ. 250 ಎಂಎಲ್‌ನಷ್ಟು ಮಾತ್ರ 10-15 ನಿಮಿಷದಲ್ಲಿ ಬಿಟ್ಟು, ಹೃದಯ ಒಂದು ಬಡಿತಕ್ಕೆ ಹೊರದೂಡುವ ರಕ್ತ ಶೇ. 10-15ರಷ್ಟಾದರೂ ಜಾಸ್ತಿ ಆಯ್ತಾ ಅಂತ ನೋಡುತ್ತಾರೆ. ಆಗದಿದ್ದರೆ ಡ್ರಿಪ್ ಏರಿಸುವುದಿಲ್ಲ, ಬೇರೆ ಕಾರಣ ಹುಡುಕುತ್ತಾರೆ. ನನಗೆ ಇಷ್ಟವಾದ ಉಪಾಯ ಇನ್ನೊಂದಿದೆ: ಮಂಚದ ತಲೆಭಾಗ ಇಳಿಸಿ ಕಾಲೆರಡನ್ನೂ 45 ಡಿಗ್ರಿ ಎತ್ತುವುದು. ಕಾಲಲ್ಲಿದ್ದ ಸುಮಾರು 300 ಎಂಎಲ್ ರಕ್ತ ಹೃದಯದ ಕಡೆ ಬರುತ್ತದೆ, ಒಂದೆರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ, ಕಾಲು ಇಳಿಸಿದರೆ ರಕ್ತ ವಾಪಸ್. ಒಂದು ಹನಿ ಸಲೈನೂ ಖರ್ಚಿಲ್ಲ!

ಡ್ರಿಪ್ ಬೇಕೋ ಬೇಡವೋ ಅಂತ ತಿಳಿಯಲು ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಲೈನಿನಲ್ಲಿ ಬರುವ ಸಿವಿಪಿ (ಹೃದಯದ ಹತ್ತಿರದ ದೊಡ್ಡ ಸಿರೆಯೊಳಗಿನ ಒತ್ತಡ) ನಂಬರ್ ಒಂದೇ ಸಾಕು ಅನ್ನೋದೂ ಹಳೇ ನಂಬಿಕೆ. ಗಂಟೆಗೊಮ್ಮೆ ನರ್ಸ್ ಬಗ್ಗಿ ಮೂತ್ರದ ಅಳತೆ ಬರೆದುಕೊಳ್ಳುತ್ತಾರೆ ಅಲ್ವಾ, ಅದೂ ಇದೇ ಲೆಕ್ಕಕ್ಕೆ.