ಜರ್ಮನಿಗೆ ಬಂದರೆ ಒಂದು ದಿನ ಟ್ಯೂಬಿಂಗನ್‌ಗೆ ಇಡಿ

ಬೇಸಿಗೆ ಹತ್ತಿರ ಬಂತು ಅಂದ್ರೆ ನನಗೆ ಮೆಸೇಜುಗಳು ಶುರುವಾಗುತ್ತವೆ. "ಜರ್ಮನಿಗೆ ಬರ್ತಿದ್ದೀವಿ, ಏನೇನು ನೋಡಬೇಕು ಹೇಳಿ." ಕೇಳುವವರ ಹತ್ತಿರ ಆಗಲೇ ಒಂದು ಪಟ್ಟಿ ಇರುತ್ತದೆ. ನೊಯ್ಶ್ವಾನ್‌ಸ್ಟೈನ್ ಅರಮನೆ, ಹೈಡಲ್‌ಬರ್ಗ್ ಕೋಟೆ, ಟಿಟಿಸೇ ಸರೋವರ. ಎಲ್ಲವೂ ಚೆಂದದ ಜಾಗಗಳೇ, ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಇಷ್ಟು ವರ್ಷ ಸ್ಟುಟ್‌ಗಾರ್ಟ್‌ನಲ್ಲಿದ್ದು ಒಬ್ಬರ ಪಟ್ಟಿಯಲ್ಲೂ ನಾನು ಟ್ಯೂಬಿಂಗನ್ ಹೆಸರು ಕಂಡಿಲ್ಲ. ಕನ್ನಡದವರು ಇಷ್ಟು ಹತ್ತಿರ ಬಂದು ಆ ಊರು ನೋಡದೆ ಹೋದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇಲ್ಲಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ನೆಕ್ಕರ್ ನದಿಯ ದಂಡೆಯ ಹಳೇ ಊರು. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇನ್ನೂ ಆ ಊರಿನ ಜೀವ. ಎರಡನೇ ಮಹಾಯುದ್ಧದ ಬಾಂಬುಗಳು ಈ ಊರನ್ನು ಬಹುಮಟ್ಟಿಗೆ ಮುಟ್ಟಲಿಲ್ಲ. ಹಾಗಾಗಿ ಮರದ ಚೌಕಟ್ಟಿನ ಹಳೇ ಮನೆಗಳು, ಕಲ್ಲು ಹಾಸಿದ ಇಕ್ಕಟ್ಟು ಬೀದಿಗಳು ಹಾಗೇ ಉಳಿದಿವೆ.

ಹೋದ ವರ್ಷ ಅಪ್ಪ ಅಮ್ಮ ಹೊನ್ನಾವರದಿಂದ ಬಂದಿದ್ದರು. ಮೊದಲು ಅವರನ್ನು ಒಂದು ವಾರದ ಬಸ್ ಟೂರಿಗೆ ಕಳಿಸಿದ್ದೆ. ನಾಲ್ಕು ದೇಶ, ದಿನಕ್ಕೆರಡು ಊರು. ವಾಪಸು ಬಂದ ಅಪ್ಪ, "ತಮಾ, ಯಾವ ಊರಲ್ಲಿ ಏನು ನೋಡಿದೆ ಅಂತ್ಲೇ ನೆನಪಿಲ್ಲ" ಅಂದರು. ತಪ್ಪು ನನ್ನದೇ. ಎಪ್ಪತ್ತು ದಾಟಿದವರನ್ನು ಹಾಗೆ ಓಡಿಸಬಾರದಿತ್ತು.

ಮುಂದಿನ ಶನಿವಾರ ಟ್ಯೂಬಿಂಗನ್ ರೈಲು ಹತ್ತಿಸಿದೆ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ರೈಲಿನಲ್ಲಿ ಒಂದೇ ಮಾತು ಹೇಳಿದೆ. "ಅಪ್ಪ, ಕಿಟೆಲ್ ತೀರಿಕೊಂಡದ್ದು ಈ ಊರಿನಲ್ಲಿ." ಅವರು ಸುಮ್ಮನಾದರು. ಆಮೇಲೆ ನಿಧಾನಕ್ಕೆ ಅವರ ಶಾಲೆಯ ಲೈಬ್ರರಿಯಲ್ಲಿದ್ದ ಕಿಟೆಲ್ ನಿಘಂಟಿನ ಬಗ್ಗೆ ಹೇಳತೊಡಗಿದರು. ರಟ್ಟು ಕಿತ್ತು ಹೋಗಿತ್ತಂತೆ. ಹಳ್ಳಿಯ ಮಾತೊಂದು ತಪ್ಪೋ ಸರಿಯೋ ಅಂತ ಮೇಷ್ಟ್ರುಗಳಲ್ಲಿ ಜಗಳ ಬಂದರೆ ಅದನ್ನೇ ತೆಗೆಯುತ್ತಿದ್ದರಂತೆ.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲತೀರದ ಸೀಮೆಯಲ್ಲಿ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮಲ್ಲಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಇಲ್ಲೇ ಕಣ್ಣು ಮುಚ್ಚಿದರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ನೋಡಿದವರು ಎಷ್ಟೋ ಜನ ಇದ್ದೀರಿ. ಆ ಮನುಷ್ಯ ಓಡಾಡಿದ ಬೀದಿಗಳನ್ನೂ ಒಮ್ಮೆ ನೋಡಿ ಅನ್ನುವುದು ನನ್ನ ಆಸೆ.

ಸ್ಟೇಷನ್ನಿನಿಂದ ಊರೊಳಗೆ ಹೋಗಲು ನದಿ ದಾಟಬೇಕು. ಸೇತುವೆಯ ಮೇಲೆ ನಿಂತರೆ ಎಡಕ್ಕೆ ಕಾಣುವುದು ಊರಿನ ಪ್ರಸಿದ್ಧ ನೋಟ. ನೀರಿನಂಚಿಗೇ ಕಟ್ಟಿದ ಬಣ್ಣ ಬಣ್ಣದ ಮನೆಗಳ ಸಾಲು, ತುದಿಯಲ್ಲಿ ಹಳದಿ ಗೋಪುರ. ನದಿಯ ನಡುವೆ ಉದ್ದನೆಯ ದ್ವೀಪ, ಅದರ ಮೇಲೆ ದೊಡ್ಡ ಪ್ಲೇನ್ ಮರಗಳ ಸಾಲು. ಕೆಳಗೆ ಚಪ್ಪಟೆ ತಳದ ಉದ್ದ ದೋಣಿಗಳು. ಇಲ್ಲಿನವರು ಸ್ಟೋಖರ್‌ಕಾನ್ ಅನ್ನುತ್ತಾರೆ. ಹಿಂದೆ ನಿಂತವನು ಉದ್ದದ ಗಳವನ್ನು ತಳಕ್ಕೆ ಊರಿ ದೋಣಿಯನ್ನು ಮುಂದೆ ನೂಕುತ್ತಾನೆ. ಅಪ್ಪ ನೋಡಿದವರೇ, "ಇದು ನಮ್ಮ ಶರಾವತಿಯ ಜಲ್ಲೆನೇ ಅಲ್ವಾ!" ಅಂದರು. ದೋಣಿ ಹತ್ತಿದ ಮೇಲೆ ಆ ಹುಡುಗನ ಕೈಯನ್ನೇ ನೋಡುತ್ತಾ ಕೂತಿದ್ದರು. ದೋಣಿ ಓಡುವುದು ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ. ಬರುವುದಾದರೆ ಆಗ ಬನ್ನಿ.

ಆ ಹಳದಿ ಗೋಪುರದ ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ. ಕವಿ ಹೋಲ್ಡರ್ಲಿನ್‌ಗೆ ಮನಸ್ಸು ಕದಡಿದಾಗ, ವಾಸಿಯಾಗುವುದಿಲ್ಲ ಅಂತ ವೈದ್ಯರು ಕೈಬಿಟ್ಟರು. ತ್ಸಿಮ್ಮರ್ ಎಂಬ ಬಡಗಿ ಅವರನ್ನು ತನ್ನ ಮನೆಗೆ ಕರೆತಂದ. ಅವರ ಕಾದಂಬರಿ ಓದಿ ಮೆಚ್ಚಿಕೊಂಡಿದ್ದ, ಅಷ್ಟೇ. 1807ರಿಂದ 1843ರವರೆಗೆ 36 ವರ್ಷ ಕವಿ ಅಲ್ಲೇ ಇದ್ದರು. ಬಡಗಿ ಸತ್ತ ಮೇಲೂ ಅವನ ಮಗಳು ನೋಡಿಕೊಂಡಳು. ಮೂಲ ಗೋಪುರ 1875ರಲ್ಲಿ ಸುಟ್ಟುಹೋಯಿತು, ಈಗಿರುವುದು ಮತ್ತೆ ಕಟ್ಟಿದ್ದು. ಆದರೂ ಕಿಟಕಿಯಿಂದ ಕಾಣುವ ನದಿ ಅದೇ ಅಲ್ವಾ?

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಎವಾಂಗೆಲಿಶಸ್ ಸ್ಟಿಫ್ಟ್. ಪಾದ್ರಿಯಾಗಲು ಓದುವ ಹುಡುಗರಿಗೆ 1536ರಲ್ಲಿ ಶುರುವಾದ ವಿದ್ಯಾರ್ಥಿ ನಿಲಯ. ಖಗೋಳ ವಿಜ್ಞಾನಿ ಕೆಪ್ಲರ್ ಇಲ್ಲಿದ್ದವರು. ತತ್ವಜ್ಞಾನಿಗಳಾದ ಹೆಗೆಲ್, ಶೆಲಿಂಗ್, ಜೊತೆಗೆ ನಮ್ಮ ಗೋಪುರದ ಕವಿ ಹೋಲ್ಡರ್ಲಿನ್ ಒಂದೇ ಕೋಣೆಯಲ್ಲಿದ್ದವರು. ನಮ್ಮ ಹರ್ಮನ್ ಮೋಗ್ಲಿಂಗ್ ಕೂಡ ಇಲ್ಲಿ ಓದಿದ ಹುಡುಗ. ಒಂದು ವಿಷಯ ನಾನು ತಾರೀಖು ಜೋಡಿಸಿ ನೋಡಿ ಬೆರಗಾದದ್ದು. ಹೋಲ್ಡರ್ಲಿನ್ ತೀರಿಕೊಂಡದ್ದು 1843ರ ಜೂನ್ 7. ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದದ್ದು ಅದೇ ವರ್ಷ ಜುಲೈ 1. ಒಂದೇ ಹಾಸ್ಟೆಲಿನ ಒಬ್ಬ ಇಲ್ಲಿ ಮಾತು ನಿಲ್ಲಿಸಿ ಒಂದು ತಿಂಗಳು ಆಗಿರಲಿಲ್ಲ, ಇನ್ನೊಬ್ಬ ಅಲ್ಲಿ ಕನ್ನಡದ ಮೊದಲ ಪತ್ರಿಕೆ ಶುರುಮಾಡಿದ್ದ. ಇದನ್ನು ಹೇಳಿದಾಗ ಅಪ್ಪ ಆ ಬಾಗಿಲ ಮುಂದೆ ಬಹಳ ಹೊತ್ತು ನಿಂತರು. ಫೋಟೋ ತೆಗೆಯಲಾ ಅಂದರೆ ಬೇಡ ಅಂದರು.

ಮಾರುಕಟ್ಟೆ ಚೌಕದಲ್ಲಿ 15ನೇ ಶತಮಾನದ ಪುರಭವನ ಇದೆ. ಅದರ ಮುಖದ ಮೇಲೆ 1511ರ ಖಗೋಳ ಗಡಿಯಾರ. ಹತ್ತಿರದ ದೊಡ್ಡ ಚರ್ಚಿನ ಎದುರಿಗೆ ಹೆಕೆನ್‌ಹೌವರ್ ಪುಸ್ತಕದಂಗಡಿಯ ಕಟ್ಟಡ. ಕಾದಂಬರಿಕಾರ ಹರ್ಮನ್ ಹೆಸ್ಸೆ ಹುಡುಗನಾಗಿದ್ದಾಗ ಕೆಲಸ ಕಲಿತದ್ದು ಇಲ್ಲೇ. ಅವರ ಅಜ್ಜ ಗುಂಡರ್ಟ್, ಮಲಯಾಳಂಗೆ ನಿಘಂಟು ಮಾಡಿದವರು, ಟ್ಯೂಬಿಂಗನ್‌ನಲ್ಲೇ ಓದಿದವರು. ಒಂದು ಪುಟ್ಟ ಊರು ನಮ್ಮ ಕರಾವಳಿಯ ಎರಡು ಭಾಷೆಗಳಿಗೆ ಎಷ್ಟು ದುಡಿದವರನ್ನು ಕೊಟ್ಟಿದೆ ನೋಡಿ.

ಕೋಟೆಗೆ ಏರು ದಾರಿ. ವಯಸ್ಸಾದವರಿದ್ದರೆ ನಿಧಾನಕ್ಕೆ ಹತ್ತಿ, ಕಲ್ಲು ಬೀದಿಗೆ ಒಳ್ಳೆಯ ಶೂ ಇರಲಿ. ಹೋಗದೆ ಮಾತ್ರ ಇರಬೇಡಿ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಮ್ಯಾಮತ್ ಅನ್ನುವ, ಈಗ ಅಳಿದುಹೋದ ಆನೆಯಂಥ ಪ್ರಾಣಿಯ ದಂತದಲ್ಲಿ ಕೆತ್ತಿದ ಕುದುರೆ ಇದೆ. ಐದು ಸೆಂಟಿಮೀಟರ್ ಕೂಡ ಉದ್ದವಿಲ್ಲ, ವಯಸ್ಸು ಹತ್ತಿರ ಹತ್ತಿರ 40,000 ವರ್ಷ. ಕುತ್ತಿಗೆ ಬಾಗಿದ ಆ ಕುದುರೆ ಮುಂದೆ ಅಮ್ಮ ಗಾಜಿಗೆ ಮುಖ ತಾಗಿಸಿ ನಿಂತುಬಿಟ್ಟರು. ಅದೇ ಕೋಟೆಯ ಹಳೇ ಅಡುಗೆಮನೆ ಒಂದು ಕಾಲದಲ್ಲಿ ಪ್ರಯೋಗಶಾಲೆಯಾಗಿತ್ತು. 1869ರಲ್ಲಿ ಮೀಷರ್ ಎಂಬ ಯುವಕ ಆಸ್ಪತ್ರೆಯ ಬ್ಯಾಂಡೇಜಿನ ಕೀವಿನಿಂದ ಒಂದು ಹೊಸ ವಸ್ತು ಬೇರ್ಪಡಿಸಿದ. ಅದನ್ನೇ ನಾವೀಗ ಡಿಎನ್‌ಎ ಅನ್ನುತ್ತೇವೆ. ಅಡುಗೆಮನೆ ಅಂದ ಕೂಡಲೇ ಅಮ್ಮ ಒಲೆ ಎಲ್ಲಿತ್ತು ಅಂತ ಹುಡುಕಿದರು.

ಮೊಟ್ಟೆ ತಿನ್ನುವ ಸಸ್ಯಾಹಾರಿಗಳು ಊಟಕ್ಕೆ ಚಿಂತೆ ಮಾಡಬೇಡಿ. ಚೀಸ್ ಹಾಕಿದ ಸ್ಪೆಟ್ಸ್‌ಲೆ, ಅಂದರೆ ಮೊಟ್ಟೆ ಹಾಕಿ ಮಾಡುವ ನೂಡಲ್ಸ್ ತರಹದ ತಿನಿಸು, ಸಿಗುತ್ತದೆ.

ಟೂರ್ ಮಾಡಿಸುವ ನಮ್ಮ ಕನ್ನಡದವರಿಗೂ ಒಂದು ಕೋರಿಕೆ. ಹೈಡಲ್‌ಬರ್ಗ್‌ಗೆ ಹೋಗುವ ಬಸ್ಸಿನವರು ಒಂದು ಮಧ್ಯಾಹ್ನ ಇಲ್ಲೂ ನಿಲ್ಲಿಸಿ. ಅಲ್ಲಿ ಹರಿಯುವುದೂ ಇದೇ ನೆಕ್ಕರ್. ಕಿಟೆಲ್, ಮೋಗ್ಲಿಂಗ್ ಹೆಸರು ಹೇಳಿ ಜನರನ್ನು ಇಳಿಸಿ. ನಮ್ಮ ಜನ ಖಂಡಿತ ಇಷ್ಟಪಡುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಅವತ್ತು ಸಂಜೆ ಆರೂವರೆ ರೈಲಿಗೆ ಹೊರಡಬೇಕಿತ್ತು. ಅಪ್ಪ ಸೇತುವೆ ಬಿಟ್ಟು ಬರಲಿಲ್ಲ, ಎಂಟೂವರೆ ಆಯಿತು. ಮರುದಿನ ಬೇರೆ ಊರಿಗೆ ಹೋಗುವ ಪ್ಲಾನ್ ಇತ್ತು. ಅವರು ಬೇಡ ಅಂದರು, ಮತ್ತೆ ಇಲ್ಲಿಗೇ ಬಂದೆವು.

ಈ ಬೇಸಿಗೆ ಬರುವವರು ಇನ್‌ಬಾಕ್ಸ್‌ಗೆ ಬರೆಯಿರಿ. ಶನಿವಾರವಾದರೆ ನಾನೂ ಜೊತೆಗೆ ಬರುತ್ತೇನೆ.