ಒಂದು ಗಂಟೆಯ ಸರ್ಕಾರಿ ಸಾಲ

2009ರ ಜೂನ್ 19ರಂದು ಬಾಂಗ್ಲಾದೇಶದಲ್ಲಿ ದಿನಕ್ಕೆ ಇಪ್ಪತ್ತಮೂರೇ ಗಂಟೆ. ರಾತ್ರಿ ಹನ್ನೊಂದಾಗುತ್ತಿದ್ದಂತೆ ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸಿ ಎಂದು ಸರ್ಕಾರ ಅಪ್ಪಣೆ ಹೊರಡಿಸಿತ್ತು. ಕಾರಣ, ಕರೆಂಟು. ಉತ್ಪಾದನೆ 4,000 ಮೆಗಾವಾಟ್ ಆಸುಪಾಸು, ಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ವಿದ್ಯುತ್ ಸ್ಥಾವರ ಕಟ್ಟಲು ವರ್ಷಗಟ್ಟಲೆ ಬೇಕು. ಗಡಿಯಾರ ತಿರುಗಿಸಲು ಎರಡು ಬೆರಳು ಸಾಕು. ಜನ ಒಂದು ಗಂಟೆ ಬೇಗ ಎದ್ದು ಬೇಗ ಮಲಗಿದರೆ ಸಂಜೆಯ ದೀಪದ ಕರೆಂಟು ಉಳಿಯುತ್ತದೆ ಎಂಬುದು ಲೆಕ್ಕ.

ಲಂಡನ್ನಿನವರೂ ಬೇಸಿಗೆಯಲ್ಲಿ ಇದನ್ನೇ ಮಾಡುತ್ತಾರಲ್ಲ? ಮಾಡುತ್ತಾರೆ. ಅಲ್ಲಿ ಜೂನ್ ತಿಂಗಳ ಹಗಲು ಡಿಸೆಂಬರಿನದಕ್ಕಿಂತ ಎಂಟು ಗಂಟೆಗೂ ಉದ್ದ. ಢಾಕಾದಲ್ಲಿ ಆ ವ್ಯತ್ಯಾಸ ಹೆಚ್ಚೆಂದರೆ ಮೂರು ಗಂಟೆ. ಅಷ್ಟರಲ್ಲೇ ಉಳಿತಾಯ ಮಾಡಬೇಕು. ಉಳಿಸುವವರು ಯಾರು? ಆಗ ದೇಶದ ಅರ್ಧದಷ್ಟು ಜನರ ಮನೆಗೆ ವಿದ್ಯುತ್ ತಂತಿಯೇ ಹೋಗಿರಲಿಲ್ಲ. ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಉಣ್ಣುವವರೂ ಕರೆಂಟು ಉಳಿಸಲು ಒಂದು ಗಂಟೆ ಬೇಗ ಏಳಬೇಕಾಯಿತು. ಇಲ್ಲದ್ದನ್ನು ಉಳಿಸುವುದಕ್ಕಿಂತ ದೊಡ್ಡ ದೇಶಸೇವೆ ಯಾವುದಿದೆ!

ಹಿಂದಿನ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದು ಸರ್ಕಾರ ಮಾಡಿದ ಶೇಖ್ ಹಸೀನಾ ಅವರ ಪಕ್ಷ ‘ಡಿಜಿಟಲ್ ಬಾಂಗ್ಲಾದೇಶ’ ಕಟ್ಟುತ್ತೇವೆಂದು ಮಾತು ಕೊಟ್ಟಿತ್ತು. ಜನ ಮರೆತಿರಲಿಲ್ಲ. ಹೊಸ ಸಮಯಕ್ಕೆ ‘ಡಿಜಿಟಲ್ ಟೈಮ್’ ಎಂದು ಹೆಸರಿಟ್ಟರು. ಆಮೇಲೆ ನದಿಯ ಮೋಟಾರು ದೋಣಿ ಹೊರಡುವ ಲಾಂಚ್ ಘಾಟಿನಲ್ಲೋ ಚಹಾದಂಗಡಿಯಲ್ಲೋ ಮಾತು ಶುರುವಾಗುತ್ತಿದ್ದುದೇ ಹೀಗೆ:

“ಚಾಚಾ, ಲಾಂಚ್ ಎಷ್ಟೊತ್ತಿಗೆ?”

“ಏಳಕ್ಕೆ.”

“ಹಳೇ ಏಳೋ, ಡಿಜಿಟಲ್ ಏಳೋ?”

“ಜನ ತುಂಬಿದಾಗ ಏಳು, ಬಾಬಾ.”

ಈ ಚಾಚಾನನ್ನು ಇಂಧನ ಸಚಿವಾಲಯಕ್ಕೆ ಸಲಹೆಗಾರನಾಗಿ ಮಾಡಿಕೊಳ್ಳಬೇಕಿತ್ತು. ದಕ್ಷಿಣದ ಬರಿಶಾಲ್, ಪಟುವಾಖಾಲಿ ಕಡೆಯ ನದಿಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಬಲೆ ಬಿಡುವುದು, ದೋಣಿ ಹೊರಡಿಸುವುದು, ಕಾಲುವೆ ದಾಟುವುದು, ಎಲ್ಲ ಅದರ ಲೆಕ್ಕದಲ್ಲೇ. ಅದೂ ದಿನಾ ಐವತ್ತು ನಿಮಿಷ ತಡವಾಗಿ ಬರುತ್ತದೆ. ನಮ್ಮ ಕೆಲವು ನೌಕರರ ಹಾಗೆ, ಆದರೆ ತಡವಾಗುವುದರಲ್ಲಿ ಶಿಸ್ತಿದೆ. ಆ ಉಬ್ಬರಕ್ಕೆ ಸುತ್ತೋಲೆ ತಲುಪಿಸುವವರು ಯಾರೂ ಸಿಗಲಿಲ್ಲ ಅಂತ ಕಾಣುತ್ತದೆ. ಮಸೀದಿಯ ಮಗರಿಬ್ ಆಜಾನ್ ಕೂಡ ಸೂರ್ಯ ಮುಳುಗಿದ ಮೇಲೆಯೇ ಆಗುತ್ತಿತ್ತು. ಆ ವರ್ಷದ ರಂಜಾನಿನಲ್ಲಿ ಇಫ್ತಾರ್ ಗಡಿಯಾರದಲ್ಲಿ ಏಳು ದಾಟಿತು, ಹೊಟ್ಟೆಯಲ್ಲಿ ಮಾತ್ರ ಆರೂವರೆಯೇ.

ಇನ್ನೊಂದು ಸಂಗತಿ. ಅಪ್ಪಣೆ ಜಾರಿಗೆ ಬರುವ ಮೂರೂವರೆ ವಾರ ಮೊದಲು, ಮೇ 25ರಂದು, ಐಲಾ ಚಂಡಮಾರುತ ಬಡಿದಿತ್ತು. ಖುಲ್ನಾದ ಕೊಯ್ರಾ, ದಾಕೋಪ್, ಸಾತ್ಖೀರಾದ ಶ್ಯಾಮನಗರಗಳಲ್ಲಿ ಮಣ್ಣಿನ ಒಡ್ಡುಗಳು ಒಡೆದು, ಪ್ರತಿ ಉಬ್ಬರಕ್ಕೂ ಉಪ್ಪುನೀರು ಮನೆಯೊಳಗೆ ಬಂದು ಹೋಗುತ್ತಿತ್ತು. ಒಡೆಯದೆ ಉಳಿದ ಒಡ್ಡುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿಕೊಂಡು ಕೂತವರಿಗೂ ಆಜ್ಞೆ ಅನ್ವಯವಾಗುತ್ತಿತ್ತು: ಗಡಿಯಾರ ಮುಂದಕ್ಕೆ ಹಾಕಿ. ಗೋಡೆ ತೇಲಿಹೋದ ಮನೆಯಲ್ಲಿ ಗಡಿಯಾರ ಎಲ್ಲಿ ಹುಡುಕುವುದು ಎಂಬುದಕ್ಕೆ ಸುತ್ತೋಲೆಯಲ್ಲಿ ಉತ್ತರ ಇದ್ದಂತಿಲ್ಲ. ಹೊಸ ಸಮಯವನ್ನು ಚಾಚೂ ತಪ್ಪದೆ ಪಾಲಿಸುವವರು ಹಳ್ಳಿಯಲ್ಲಿ ಯಾರಾದರೂ ಇದ್ದರೆ ಅದು ಸಾಲದ ಕಂತು ವಸೂಲಿಗೆ ಬರುವವರೇ ಇರಬೇಕು. ಅವರು ಬೇಗ ಬಂದರೆ ಯಾರಿಗೆ ತಾನೇ ಆಶ್ಚರ್ಯ?

ಇದೆಲ್ಲ ಬೇಸಿಗೆಗಷ್ಟೇ ಅಂದಿದ್ದರು. ಬೇಸಿಗೆ ಹೋಯಿತು, ಮಳೆ ಹೋಯಿತು, ಶರತ್ಕಾಲ ಹೋಯಿತು, ಒಂದು ಗಂಟೆ ಮಾತ್ರ ಸರ್ಕಾರದ ಹತ್ತಿರವೇ ಉಳಿಯಿತು. ಡಿಸೆಂಬರಿನಲ್ಲಿ ಸೂರ್ಯ ಏಳೂವರೆಯ ಮೇಲೆ ಏಳತೊಡಗಿದ. ಮಂಜಿನ ಕತ್ತಲಲ್ಲಿ ಮಕ್ಕಳು ಶಾಲೆಗೆ ಹೊರಟವು, ಅವುಗಳಿಗಾಗಿ ಮನೆಮನೆಯಲ್ಲೂ ದೀಪ ಹೊತ್ತಿತು. ಸಂಜೆ ಉಳಿಸಿದ್ದು ಬೆಳಿಗ್ಗೆ ಖರ್ಚು.

ಕೊನೆಗೆ ಡಿಸೆಂಬರ್ 31ರ ನಡುರಾತ್ರಿ ಹನ್ನೆರಡಕ್ಕೆ ಮುಳ್ಳು ಮತ್ತೆ ಹನ್ನೊಂದಕ್ಕೆ ಬಂತು. ಹೊಸ ವರ್ಷದ ಶುಭಾಶಯ ಹೇಳಿ ಮುಗಿಸಿದವರು ಅದನ್ನು ವಾಪಸ್ ಪಡೆದು ಇನ್ನೊಂದು ಗಂಟೆ ಹಳೇ ವರ್ಷದಲ್ಲೇ ಕಾಯಬೇಕಾಯಿತು. ಸಣ್ಣ ಸಾಲಕ್ಕೆ 2006ರಲ್ಲಿ ನೊಬೆಲ್ ಗೆದ್ದ ನಾಡು ಅದು. ಬಡ ಹೆಂಗಸರು ವಾರವಾರ ಬಡ್ಡಿ ಸಮೇತ ಕಟ್ಟುವ ಕಡೆ, ಆರು ತಿಂಗಳು ಇಟ್ಟುಕೊಂಡ ಸಾಲವನ್ನು ಒಂದು ನಿಮಿಷದ ಬಡ್ಡಿಯೂ ಇಲ್ಲದೆ ತೀರಿಸಿದ ಕೀರ್ತಿ ಸರ್ಕಾರಕ್ಕೇ ಸಲ್ಲಬೇಕು. ಮರುವರ್ಷ ಮತ್ತೆ ಕೇಳಲು ಹೊರಟು, ಜನರ ಮುಖ ನೋಡಿ ಕೈಬಿಟ್ಟರು.

ಆದರೆ ಪಾಠ ಕಲಿತಿಲ್ಲ ಅನ್ನಬೇಡಿ. 2022ರ ಮಾರ್ಚ್‌ನಲ್ಲಿ ನೂರಕ್ಕೆ ನೂರು ಜನರಿಗೂ ವಿದ್ಯುತ್ ಸಿಕ್ಕಿತೆಂದು ಪಾಯ್ರಾ ಸ್ಥಾವರದ ಉದ್ಘಾಟನೆಯಲ್ಲಿ ಘೋಷಣೆಯಾಯಿತು. ಜುಲೈನಲ್ಲಿ ಕರೆಂಟು ತೆಗೆಯುವ ವೇಳಾಪಟ್ಟಿ ಬಂತು. ಆಗಸ್ಟ್‌ನಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರು ಎಂದಾಯಿತು. ಈ ಸಲ ಗಡಿಯಾರದ ಮೈಮುಟ್ಟಲಿಲ್ಲ. 2009ರಲ್ಲಿ ಅರ್ಧ ದೇಶಕ್ಕೆ ಲೋಡ್‌ಶೆಡ್ಡಿಂಗ್ ಭಾಗ್ಯವೇ ಇರಲಿಲ್ಲ, ಈಗ ಕಟ್ಟಕಡೆಯ ಹಳ್ಳಿಯವರೂ “ನಮ್ಮಲ್ಲೂ ಕರೆಂಟು ಹೋಯಿತು” ಅನ್ನಬಹುದು.