ಮ್ಯಾಜಿಕ್ ಕಮಾಂಡರ್ ಆಟದಲ್ಲಿ ಇನ್ಫಿನಿಟ್ ಕಾಂಬೊ ಇರಬೇಕಾ?

ಪರ: ಇರಲಿ, ಆಟ ಮುಗಿಯಲಿ

ಮ್ಯಾಜಿಕ್ ಅಂದರೆ ಕಾರ್ಡ್ ಆಟ, ಕಮಾಂಡರ್ ಅದನ್ನು ಆಡುವ ಒಂದು ಬಗೆ. ಒಂದು ಕಾರ್ಡ್ ಇನ್ನೊಂದನ್ನು ಎಬ್ಬಿಸಿ, ಅದು ಮತ್ತೆ ಇದನ್ನು ಎಬ್ಬಿಸಿ, ಹೀಗೆ ನಿಲ್ಲದೆ ಸುತ್ತುವುದೇ ಇನ್ಫಿನಿಟ್ ಕಾಂಬೊ. ಕಾಂಬೊ ಅಂದರೆ ಮೋಸ ಅನ್ನುವವರು ಸಹೇಲಿ ರಾಯ್ ಮತ್ತು ಫೆಲಿಡಾರ್ ಗಾರ್ಡಿಯನ್ ಎಂಬ ಎರಡು ಕಾರ್ಡಿನ ಜೋಡಿಯನ್ನು ಒಮ್ಮೆ ನೋಡಬೇಕು. ಸಹೇಲಿ ತನ್ನ ಮೂರು ಲಾಯಲ್ಟಿಯಲ್ಲಿ (ಶಕ್ತಿ ಬಳಸಲು ಖರ್ಚಾಗುವ ಅಂಕ) ಎರಡನ್ನು ಖರ್ಚು ಮಾಡಿ ಗಾರ್ಡಿಯನ್‌ನ ನಕಲು ಮಾಡುತ್ತಾಳೆ. ಆ ನಕಲು ಬಂದ ಕೂಡಲೇ ಸಹೇಲಿಯನ್ನು ಆಟದಿಂದ ಆಚೆ ತೆಗೆದು ವಾಪಸ್ ತರುತ್ತದೆ. ಬಂದವಳು ನಿಯಮದ ಪ್ರಕಾರ ಹೊಸ ಸಹೇಲಿ. ಲಾಯಲ್ಟಿ ಮತ್ತೆ ಮೂರು, ಈ ಸರದಿಯಲ್ಲಿ ಇನ್ನೂ ಏನೂ ಮಾಡಿಲ್ಲ. ಮತ್ತೆ ನಕಲು, ಮತ್ತೆ ಸುತ್ತು. ನಕಲುಗಳೆಲ್ಲ ಬಂದ ಸರದಿಯಲ್ಲೇ ದಾಳಿ ಮಾಡಬಲ್ಲವು. ಸುಮ್ನೆ "ಅನಂತ" ಅನ್ನೋ ಹಾಗಿಲ್ಲ, ಒಂದು ಸಂಖ್ಯೆ ಹೇಳಬೇಕು. ಹತ್ತು ಲಕ್ಷ ಅನ್ನಿ, ಧಾರಾಳವಾಗಿ ಸಾಕು. ಕಾರ್ಡ್ ಮಾಡಿದವರೇ ಇದನ್ನು ಮೊದಲು ಗಮನಿಸಿರಲಿಲ್ಲ! ಆಟಗಾರರು ಕಂಡುಹಿಡಿದರು. ಇದು ಬುದ್ಧಿವಂತಿಕೆ ಅಲ್ಲದಿದ್ದರೆ ಇನ್ನೇನು?

2017ರ ಏಪ್ರಿಲ್‌ನಲ್ಲಿ ಸ್ಟ್ಯಾಂಡರ್ಡ್ ಆಟದಲ್ಲಿ (ಇತ್ತೀಚಿನ ಕಾರ್ಡ್‌ಗಳಿಂದಷ್ಟೇ ಆಡುವ ಬಗೆ) ಗಾರ್ಡಿಯನ್ ಬ್ಯಾನ್ ಆಯಿತು, ಸರಿ. ಆದರೆ ಕಮಾಂಡರ್ ಕಥೆ ಬೇರೆ. 100 ಕಾರ್ಡಿನ ಡೆಕ್, ಬೇಸಿಕ್ ಲ್ಯಾಂಡ್ (ಬೇರೆ ಕಾರ್ಡ್ ಆಡಲು ಬೇಕಾಗುವ ಮೂಲ ಕಾರ್ಡ್) ಬಿಟ್ಟರೆ ಎಲ್ಲವೂ ಒಂದೊಂದೇ, ಎದುರಿಗೆ ಸಾಮಾನ್ಯವಾಗಿ ಮೂವರು. ಎರಡೂ ಕಾರ್ಡ್ ಕೈಗೆ ಬರುವುದೇ ಕಷ್ಟ. ಬಂದರೂ, ಸಹೇಲಿ ತನ್ನ ಶಕ್ತಿ ಬಳಸಿದಾಗ ಯಾರಾದರೂ ಅದಕ್ಕೆ ಉತ್ತರವಾಗಿ ಗಾರ್ಡಿಯನ್ನನ್ನು ಕೊಂದರೆ ಅಲ್ಲಿಗೆ ಮುಗಿಯಿತು. ತಡೆಯುವ ಒಂದು ಕಾರ್ಡೂ ಇಟ್ಟುಕೊಳ್ಳದೆ "ಅನ್ಯಾಯ" ಅಂತ ಗೋಳಾಡುವವರಿಗೆ ಬೇಕಾಗಿರುವುದು ಆಟವೇ ಅಲ್ಲ, ತಮ್ಮ ಡ್ರ್ಯಾಗನ್‌ಗಳನ್ನು ಯಾರೂ ಮುಟ್ಟದ ಹಾಗೆ ಸಾಕಿಕೊಂಡು ಕೂರುವ ಜಾಗ. ಒಬ್ಬೊಬ್ಬರಿಗೆ 40 ಲೈಫ್ (ಜೀವದ ಅಂಕ), ಮೂವರದು ಸೇರಿ 120. ಅಷ್ಟನ್ನೂ ಸಣ್ಣ ಸಣ್ಣ ಪೆಟ್ಟಿನಲ್ಲಿ ಇಳಿಸುತ್ತಾ ಕೂತರೆ ಎರಡನೇ ಆಟಕ್ಕೆ ಹೊತ್ತೇ ಇರುವುದಿಲ್ಲ.

ವಿರೋಧ: ಎಲ್ಲ ಟೇಬಲ್‌ನಲ್ಲೂ ಬೇಡ

ಈ ಕಡೆ ಬರೆಯಲು ಹೇಳಿದರು, ಬರೆಯುತ್ತಿದ್ದೇನೆ. ನನ್ನ ಕಪ್ಪು ಡೆಕ್‌ನಲ್ಲೇ ಎಕ್ಸ್‌ಕ್ವಿಸಿಟ್ ಬ್ಲಡ್, ಸ್ಯಾಂಗ್ವಿನ್ ಬಾಂಡ್ ಎಂಬ ಕಾಂಬೊ ಕಾರ್ಡ್ ಎರಡೂ ಇವೆ ಅನ್ನುವುದು ಬೇರೆ ಮಾತು. ಎದುರಿನವರ ಲೈಫ್ ಇಳಿದರೆ ನನ್ನದು ಏರುತ್ತದೆ, ನನ್ನದು ಏರಿದರೆ ಅವರದು ಇಳಿಯುತ್ತದೆ.

ಒಮ್ಮೆ ಚಿಕ್ಕಪ್ಪನ ಮಗನನ್ನು ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಅಂಗಡಿಯಿಂದ ತಂದ ರೆಡಿಮೇಡ್ ಡೆಕ್. ಪ್ರತಿ ಕಾರ್ಡನ್ನೂ ಎರಡೆರಡು ಸಲ ಓದಿ ಆಡುತ್ತಿದ್ದ ಪಾಪ. ಕೊನೆಗೂ ತನ್ನ ಕಮಾಂಡರ್‌ನ (ಡೆಕ್‌ನ ನಾಯಕ ಕಾರ್ಡ್) ಇಳಿಸಿ ಖುಷಿಯಾಗಿ ಸುತ್ತ ನೋಡಿದ. ಮುಂದಿನ ಸರದಿಯವನು ಇದೇ ಜೋಡಿ ಹಾಕಿ, "ಎಲ್ರೂ ಸತ್ರಿ" ಅಂದು ಕಾರ್ಡ್ ಎತ್ತಿಟ್ಟುಬಿಟ್ಟ. "ಅಣ್ಣಾ, ನಾನೇನು ತಪ್ಪು ಮಾಡಿದೆ?" ಅಂತ ಇವನು. ಏನಂತ ಹೇಳಲಿ? ಸತ್ತದ್ದು ಯಾಕೆ ಅಂತ ಅವನಿಗೆ ವಿವರಿಸಲು ಹಿಡಿದ ಹೊತ್ತು ಆಟಕ್ಕಿಂತ ಜಾಸ್ತಿ. ಆಮೇಲೆ ಕರೆದರೆ "ಕ್ರಿಕೆಟ್ ಇದೆ" ಅನ್ನುತ್ತಾನೆ.

ತಡೆಯುವ ಕಾರ್ಡ್ ಇಟ್ಟುಕೊಳ್ಳಿ ಅನ್ನುತ್ತಾರೆ. ನೂರೂ ಅದೇ ಇಟ್ಟುಕೊಂಡರೆ ಆಡುವುದು ಯಾವಾಗ? ಕಮಾಂಡರ್ ಡೆಕ್‌ಗಳನ್ನು ಬಲದ ಪ್ರಕಾರ ಹಂತಗಳಾಗಿ ವಿಂಗಡಿಸುವ, 2025ರಲ್ಲಿ ಬಂದ ಬ್ರಾಕೆಟ್ ಪಟ್ಟಿಯೂ 1 ಮತ್ತು 2ರಲ್ಲಿ ಎರಡು ಕಾರ್ಡಿನ ಇನ್ಫಿನಿಟ್ ಕಾಂಬೊ ಬೇಡ ಅನ್ನುತ್ತದೆ, 3ರಲ್ಲಿ ಆಟದ ಶುರುವಿನಲ್ಲೇ ಬೇಡ ಅನ್ನುತ್ತದೆ. ನಾನಂತೂ ಆ ಕಪ್ಪು ಡೆಕ್ ತೆಗೆಯುವುದು ನಾಲ್ಕನೇ ಬ್ರಾಕೆಟ್‌ನವರ ಜೊತೆ ಮಾತ್ರ. ಹೆಚ್ಚಾಗಿ.